ಕೆಂಪು ಬೂಚು, ಹಸಿರು ಬೂಚು

ಹೋದ ತಿಂಗಳು ಬಿ.ಪಿ. ಗುಳಿಗೆ ತರಲು ನವನಗರದ ದವಾಖಾನೆಗೆ ಹೋಗಿದ್ದೆ. ಸರದಿ ಬರುವವರೆಗೆ ಬೆಂಚಿನ ಮೇಲೆ ಕುಳಿತಿದ್ದಾಗ ಪಕ್ಕದ ಕೋಣೆಯ ಮಾತು ಕಿವಿಗೆ ಬಿತ್ತು. ಕೇಳಬಾರದಿತ್ತು, ಕೇಳಿದೆ. ವಯಸ್ಸಾದ ಮೇಲೆ ಕಣ್ಣು ಮಂದವಾಯಿತು, ಮೊಣಕಾಲು ಹೋಯಿತು, ಕಿವಿ ಮಾತ್ರ ಇನ್ನೂ ನಿವೃತ್ತಿ ತೆಗೆದುಕೊಂಡಿಲ್ಲ. ಒಳಗೆ ಸಲಹೆ ಹೇಳುವ ಹುಡುಗಿಯೊಬ್ಬಳು ಒಬ್ಬ ಹೆಂಗಸಿಗೆ ತಿಳಿಸಿ ಹೇಳುತ್ತಿದ್ದಳು. ಗಂಡನಿಗೆ ಎಚ್‌ಐವಿ ಇದೆ, ಹೆಂಡತಿಗೆ ಇಲ್ಲ. ದಿನಕ್ಕೊಂದು ಗುಳಿಗೆ ತಪ್ಪದೆ ನುಂಗಿದರೆ ಸೋಂಕು ತಗಲದಂತೆ ತಡೆಯಬಹುದು. ಅದರದೇ ಒಂದು ಅಧ್ಯಯನ ನಡೆದಿದೆ, ಮನಸ್ಸಿದ್ದರೆ ಸೇರಬಹುದು, ಒತ್ತಾಯವಿಲ್ಲ. ಹುಡುಗಿ ಚೆನ್ನಾಗಿಯೇ ಹೇಳಿದಳು. ಎಲ್ಲ ಕೇಳಿದ ಮೇಲೆ ಆ ಹೆಂಗಸು ಅಂದಳು:

“ನನಗ ಬ್ಯಾನಿನ ಇಲ್ಲಲ್ರಿ ಅಕ್ಕಾರ. ಇಲ್ಲದ ಬ್ಯಾನಿಗಿ ಗುಳಿಗಿ ಯಾಕ ನುಂಗ್ಲಿ?”

ಇದೇ ಮಾತನ್ನು ನಲವತ್ತು ವರ್ಷಗಳಿಗೂ ಹಿಂದೆ ಇಳಕಲ್ಲಿನ ಒಂದು ಓಣಿಯಲ್ಲಿ ಮನೆಮನೆಯಲ್ಲೂ ಕೇಳಿದವಳು ನಾನು. ರೋಗ ಬೇರೆ, ಗುಳಿಗೆ ಬೇರೆ, ಮಾತು ಅದೇ. ನನ್ನ ಹೆಸರು ಕೂಗಿದರೂ ಏಳಲಿಲ್ಲವಂತೆ. ಹಿಂದಿನವರು ಬೈದುಕೊಂಡು ಮುಂದೆ ಹೋದರು.

ಅದು ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷ. ಎಚ್‌ಐವಿ ಎಂಬ ಹೆಸರೇ ಆಗ ಹುಟ್ಟಿರಲಿಲ್ಲ. ನಮ್ಮ ಕಡೆ ಜನ ಬಾಯಿಬಿಟ್ಟು ಹೇಳಲೂ ಅಂಜುತ್ತಿದ್ದ ರೋಗವೆಂದರೆ ಕುಷ್ಠ. ‘ದೊಡ್ಡ ಬ್ಯಾನಿ’ ಅನ್ನುತ್ತಿದ್ದರು, ಅದನ್ನೂ ದನಿ ತಗ್ಗಿಸಿ. ಅದಕ್ಕೆ ಗುಳಿಗೆ ಬಂದು ಆಗಲೇ ಎಷ್ಟೋ ವರ್ಷವಾಗಿತ್ತು. ರೋಗ ಬಂದವರಿಗೆ ಕೊಡುವ ಅದೇ ಗುಳಿಗೆಯನ್ನು ರೋಗಿಯ ಮನೆಯಲ್ಲಿ, ನೆರೆಹೊರೆಯಲ್ಲಿ ಬದುಕುವ ಮಕ್ಕಳಿಗೆ ಮೊದಲೇ ಕೊಟ್ಟರೆ ರೋಗ ಬರದಂತೆ ತಡೆಯಬಹುದೇ ಎಂದು ನೋಡುವ ಸಂಶೋಧನೆಯೊಂದು ನಮ್ಮ ಸೀಮೆಗೆ ಬಂತು. ನಾನು ಕಲಾದಗಿಯವಳು, ಇಪ್ಪತ್ಮೂರು ವರ್ಷ, ದಾದಿಯ ತರಬೇತಿ ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಮನೆಮನೆಗೆ ಗುಳಿಗೆ ಮುಟ್ಟಿಸುವ ಕೆಲಸಕ್ಕೆ ನನ್ನನ್ನು ತೆಗೆದುಕೊಂಡರು. ಇಳಕಲ್ಲಿನ ಬಸ್ ನಿಲ್ದಾಣದ ಹಿಂದೆ ಒಂದು ಬಾಡಿಗೆ ಕೋಣೆ, ಒಂದು ಟ್ರಂಕು, ಒಂದು ದಪ್ಪ ರಿಜಿಸ್ಟರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಹಾಗಿತ್ತು ನನ್ನ ಉತ್ಸಾಹ.

ನಮ್ಮ ಡಾಕ್ಟರು ಮೈಸೂರು ಕಡೆಯವರು, ಕೇಶವಮೂರ್ತಿ ಅಂತ. ಹುನಗುಂದದಲ್ಲಿ ಇದ್ದುಕೊಂಡು ಸುತ್ತಲಿನ ಊರುಗಳಿಗೆ ಜೀಪಿನಲ್ಲಿ ತಿರುಗುತ್ತಿದ್ದರು. “ದಯವಿಟ್ಟು ಮಾತ್ರೆಯನ್ನು ನೀರಿನೊಂದಿಗೆ ಸೇವಿಸಿ” ಎಂದು ಅವರು ಹೇಳಿದರೆ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ರೇಡಿಯೋ ಡಾಕ್ಟರ್ ಎಂದು ಹೆಸರಿಟ್ಟಿದ್ದರು. ಆದರೆ ಮನುಷ್ಯ ಬಂಗಾರ. ರೋಗಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಮಾತಾಡುತ್ತಿದ್ದ ಡಾಕ್ಟರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಸಂಶೋಧನೆಯ ಕ್ರಮ ಹೀಗಿತ್ತು. ಪ್ರತಿ ಮಗುವಿಗೂ ಅದರ ಹೆಸರು ಬರೆದ ಒಂದು ಬಾಟಲಿ. ಕೆಲವು ಬಾಟಲಿಗೆ ಕೆಂಪು ಬೂಚು, ಕೆಲವಕ್ಕೆ ಹಸಿರು. ಒಂದು ಬಣ್ಣದ್ದರಲ್ಲಿ ನಿಜವಾದ ಔಷಧ, ಇನ್ನೊಂದರಲ್ಲಿ ನೋಡಲು ಹಾಗೇ ಇರುವ ಬರೀ ಹಿಟ್ಟಿನ ಗುಳಿಗೆ. ಯಾವುದು ಯಾವುದೆಂದು ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿದ್ದರೆ ನಮ್ಮ ಕಣ್ಣು ಪಕ್ಷಪಾತ ಮಾಡುತ್ತದೆ. ಯಾವ ಮಗುವಿಗೆ ಯಾವ ಬಣ್ಣ ಎಂಬುದು ಚೀಟಿ ಎತ್ತಿ ನಿರ್ಧಾರವಾಗಿತ್ತು. ಹಾಗಾಗಿ ಒಂದೇ ಮನೆಯ ಇಬ್ಬರಿಗೆ ಕೆಂಪು, ಇಬ್ಬರಿಗೆ ಹಸಿರು ಬಂದರೂ ಬಂತು. ಹಿಟ್ಟಿನ ವಿಷಯ ಮನೆಯವರಿಗೆ ಹೇಳಬಾರದು ಎಂದು ನಮಗೆ ಅಪ್ಪಣೆಯಾಗಿತ್ತು. ಇವತ್ತು ಹಾಗೆ ಮಾಡಿದರೆ ಕೇಸು ಬೀಳುತ್ತದೆ. ಅವತ್ತು ಅದು ರೂಢಿ.

ನನ್ನ ಪಾಲಿಗೆ ಬಂದ ಓಣಿಯಲ್ಲಿ ಒಂಬತ್ತು ಮನೆ, ಎಲ್ಲ ನೇಕಾರರದು. ನಡುವಿನ ಮನೆಯ ಸಂಗಪ್ಪನಿಗೆ ರೋಗವಿತ್ತು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತ ಕೂತರೆ ಸೀರೆಯ ಕೆಂಪು ಸೆರಗು ಅವನ ಕೈಯಲ್ಲಿ ನೋಡನೋಡುತ್ತ ಬೆಳೆಯುತ್ತಿತ್ತು. ಒಂದು ದಿನ ಒಲೆಯಿಂದ ಚಹಾದ ಪಾತ್ರೆ ಇಳಿಸಿದವನಿಗೆ ಬೆರಳು ಸುಟ್ಟದ್ದೇ ತಿಳಿದಿರಲಿಲ್ಲ. ರೋಗ ಗೊತ್ತಾದದ್ದು ಹಾಗೆ. ಚಿಕಿತ್ಸೆ ನಡೆದಿತ್ತು, ಬೆರಳು ಉಳಿದಿದ್ದವು. ಅವನಿಗೆ ನಾಲ್ಕು ಮಕ್ಕಳು. ಮೂರನೆಯವಳು ಮಾದೇವಿ, ಏಳು ವರ್ಷದವಳು, ಬಾಯಿ ಹೊಲಿದರೂ ಮೂಗಿನಿಂದ ಮಾತಾಡುವಂಥ ಹುಡುಗಿ. ಮನೆಯ ಯಜಮಾನಿಕೆ ಮಾತ್ರ ಸಂಗಪ್ಪನದಲ್ಲ, ಅವನ ತಾಯಿ ಗಂಗವ್ವನದು. ಓಣಿಯೆಲ್ಲ ಆಕೆಯನ್ನು ಆಯಿ ಎಂದೇ ಕರೆಯುತ್ತಿತ್ತು. ಮಗನಿಗೆ ಈ ರೋಗ ಬಂತೆಂದು ತಿಳಿದ ದಿನ ಆಕೆ ಎಂಟೂ ಮನೆಗೆ ತಾನೇ ಹೋಗಿ ಹೇಳಿ, “ನಾಳಿಂದ ನಮ್ಮ ಹೊಸ್ತಿಲಾ ತುಳೀತೀರೋ ಇಲ್ಲೋ, ಈಗ ಹೇಳಿಬಿಡ್ರಿ” ಎಂದು ಕೇಳಿದ್ದಳಂತೆ. ಒಬ್ಬರೂ ತುಳಿಯುವುದಿಲ್ಲ ಎನ್ನಲಿಲ್ಲ. ಅಂಥ ಹೆಂಗಸಿನ ಮುಂದೆ ಇಲ್ಲವೆನ್ನಲು ಗುಂಡಿಗೆ ಬೇಕು.

ಇಲ್ಲದ ರೋಗಕ್ಕೆ ಗುಳಿಗೆ ಯಾಕೆ ಎಂದು ಓಣಿಯೆಲ್ಲ ನನ್ನನ್ನು ಗೋಳಾಡಿಸುತ್ತಿದ್ದಾಗ ಎಲ್ಲರ ಬಾಯಿ ಮುಚ್ಚಿಸಿದವಳೂ ಆಯಿಯೇ. “ಮಳಿ ಬಂದ ಮ್ಯಾಲ ಮಾಳಿಗಿಗಿ ಮಣ್ಣ ಹಾಕ್ತೀರೇನ? ಹಾಕೂದಿದ್ರ ಈಗ ಹಾಕ್ರಿ” ಅಂದಳು. ಮರುದಿನದಿಂದ ಓಣಿಯ ಮಕ್ಕಳೆಲ್ಲ ಗುಳಿಗೆ ನುಂಗತೊಡಗಿದರು. ನನಗೆ ‘ಗುಳಿಗಿ ಅಕ್ಕಾರು’ ಎಂದು ಹೆಸರು ಬಂತು.

ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತಿತ್ತು, ಎಲ್ಲರೂ ಮನೆಯಲ್ಲಿ ಸಿಗುತ್ತಿದ್ದರು. ಆ ದಿನವೇ ನಾನು ಹೋಗಿ ಬಾಟಲಿಯಲ್ಲಿ ಉಳಿದ ಗುಳಿಗೆ ಎಣಿಸಿ, ಮಕ್ಕಳ ಮೈ ನೋಡಿ, ಮತ್ತೆ ತುಂಬಿ ಬರುತ್ತಿದ್ದೆ. ಆ ಬೇಸಗೆಯ ಒಂದು ಅಮಾವಾಸ್ಯೆ, ಕಲ್ಲಿನ ಊರು ಕಾದ ಹೆಂಚಿನಂತಾಗಿತ್ತು. ಆಯಿ ನನಗೆ ಮಜ್ಜಿಗೆ ಕೊಟ್ಟು, ಎದುರಿಗೆ ಕುಳಿತು, ನಾಲ್ಕು ಬಾಟಲಿಯನ್ನು ಸಾಲಾಗಿ ಇಟ್ಟಳು.

“ತಂಗಿ, ಎರಡಕ್ಕ ಕೆಂಪು ಬೂಚು, ಎರಡಕ್ಕ ಹಸರು. ಯಾಕ?”

“ಗುರುತಿಗಿ, ಆಯಿ.”

“ಎದರ ಗುರುತು?”

ನಾನು ಮಜ್ಜಿಗೆಯ ಲೋಟ ಎತ್ತಿದೆ. ಆಕೆ ನನ್ನ ಮುಂಗೈ ಹಿಡಿದಳು. “ನನ್ನ ಕಣ್ಣಾಗ ಕಣ್ಣಿಟ್ಟು ಹೇಳು. ಎರಡರಾಗೂ ಒಂದ ಔಷಧ ಐತೇನು?”

ನನಗೆ ಸುಳ್ಳು ಹೇಳಲು ಬರುವುದಿಲ್ಲವೆಂದಲ್ಲ. ನಮ್ಮವ್ವನಿಗೆ ದಿನಕ್ಕೆರಡು ಹೇಳಿ ಬೆಳೆದವಳು ನಾನು. ಆದರೆ ಆ ದಿನ ಬಾಯಿ ಬರಲಿಲ್ಲ. ಎಲ್ಲ ಹೇಳಿಬಿಟ್ಟೆ. ಒಂದರಲ್ಲಿ ಔಷಧ, ಒಂದರಲ್ಲಿ ಹಿಟ್ಟು, ಯಾವುದೆಂದು ಯಾರಿಗೂ ಗೊತ್ತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಯಿ “ಹೌದಾ?” ಅಂದು ಬಾಟಲಿಗಳನ್ನು ಎತ್ತಿ ಒಳಗಿಟ್ಟಳು. ನಾನು ಬದುಕಿದೆನೆಂದುಕೊಂಡೆ.

ಆಮೇಲಿನ ಅಮಾವಾಸ್ಯೆಗಳಲ್ಲಿ ಆ ಓಣಿಯ ಎಣಿಕೆ ನೋಡಿದರೆ ಯಾರಿಗಾದರೂ ಖುಷಿಯಾಗಬೇಕು. ಬೇರೆ ಕಡೆ ಒಂದು ಬಾಟಲಿಯಲ್ಲಿ ಹತ್ತು ಗುಳಿಗೆ ಹೆಚ್ಚು ಉಳಿದರೆ ಇನ್ನೊಂದು ಬಾಟಲಿಯೇ ಮಾಯವಾಗಿರುತ್ತಿತ್ತು. ಒಂದು ಮನೆಯಲ್ಲಿ ಕೋಳಿಗೂ ಹಾಕಿದ್ದರು. ನನ್ನ ಒಂಬತ್ತು ಮನೆಗಳಲ್ಲಿ ಒಂದು ಗುಳಿಗೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಡಾಕ್ಟರು ನನ್ನ ರಿಜಿಸ್ಟರನ್ನು ಉಳಿದವರಿಗೆ ತೋರಿಸಿ, “ಸುಶೀಲಾ ಅವರನ್ನು ನೋಡಿ ಕಲಿಯಿರಿ” ಅಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಆಷಾಢದ ಗಾಳಿ ನಿಂತು ಶ್ರಾವಣದ ಹನಿ ಶುರುವಾಯಿತು. ನಾಗರ ಪಂಚಮಿಗೆ ಊರಿಗೆ ಹೋಗಿದ್ದವಳು ಅವ್ವ ಕಟ್ಟಿಕೊಟ್ಟ ಶೇಂಗಾದ ಉಂಡಿ, ಎಳ್ಳಿನ ಉಂಡಿ ಹಿಡಿದುಕೊಂಡು ಮರುದಿನ ಮೊದಲ ಬಸ್ಸಿಗೇ ಬಂದೆ. ಹಬ್ಬದ ಉಂಡಿ ತಾಜಾ ಇರುವಾಗಲೇ ಆಯಿಗೆ ಮುಟ್ಟಿಸಬೇಕೆಂದು ನೇರ ಓಣಿಗೆ ನಡೆದೆ. ಅಮಾವಾಸ್ಯೆ ಕಳೆದು ವಾರವೂ ಆಗಿರಲಿಲ್ಲ. ನಾನು ಬರುವ ದಿನವಲ್ಲ.

ಪಡಸಾಲೆಯಲ್ಲಿ ನಾಲ್ಕೂ ಮಕ್ಕಳು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಸಾಲಾಗಿ ಕುಳಿತಿದ್ದರು. ಆಯಿಯ ಮಡಿಲಲ್ಲಿ ಒಂದು ಹಿತ್ತಾಳೆ ಡಬ್ಬಿ. ಅದರ ತುಂಬ ಗುಳಿಗೆ. ಕೆಂಪು ಬೂಚಿನದೂ ಹಸಿರು ಬೂಚಿನದೂ ಎಲ್ಲ ಒಟ್ಟಿಗೆ. ಕೈ ಹಾಕಿ, ಕಲೆಸಿ, ಕಣ್ಣು ಮುಚ್ಚಿ, ಒಬ್ಬೊಬ್ಬರ ಅಂಗೈಗೆ ಒಂದೊಂದು ಹಾಕುತ್ತಿದ್ದಳು. ಅಷ್ಟರಲ್ಲಿ ಎದುರುಮನೆಯ ಸೊಸೆ ತನ್ನ ಡಬ್ಬಿ ಹಿಡಿದುಕೊಂಡು ಬಂದು, “ಆಯಿ, ನಾವೂ ಛಂದಂಗ ಕಲಸೀವಿ ನೋಡ್ರಿ” ಅಂದಳು. ನನ್ನನ್ನು ಕಂಡು ಅಲ್ಲೇ ನಿಂತಳು.

ಉಂಡಿಯ ಗಂಟು ನನ್ನ ಕೈಯಲ್ಲೇ ಉಳಿಯಿತು. ಒಂಬತ್ತೂ ಮನೆಯಲ್ಲಿ ಇದೇ ನಡೆದಿತ್ತು. ಬಾಟಲಿ ತುಂಬಿ ಬಂದ ದಿನವೇ ಎಲ್ಲ ಸುರಿದು ಕಲೆಸುವುದು, ಅಮಾವಾಸ್ಯೆಯ ಮುಂಜಾನೆ ಉಳಿದದ್ದನ್ನು ಸಮವಾಗಿ ಎಣಿಸಿ ಬಾಟಲಿಗೆ ವಾಪಸು ಹಾಕುವುದು. ಎಣಿಕೆ ತಪ್ಪುವುದಾದರೂ ಹೇಗೆ?

“ಆಯಿ, ಏನ್ ಮಾಡಿಬಿಟ್ರಿ ಇದು!”

ಆಕೆಗೆ ನಾಚಿಕೆಯೂ ಇಲ್ಲ, ಅಂಜಿಕೆಯೂ ಇಲ್ಲ. “ಪಂಕ್ತಿಭೇದ ಮಾಡಬಾರದು ತಂಗಿ. ನಾಕು ಮಕ್ಳನ ಒಂದ ಸಾಲಿನ್ಯಾಗ ಕುಂಡ್ರಿಸಿ ಇಬ್ಬರಿಗಿ ಹಾಲು, ಇಬ್ಬರಿಗಿ ಸುಣ್ಣದ ನೀರು ಹಾಕು ಅಂದ್ರ ನನ್ನ ಕೈ ಹೆಂಗ ಬಂದೀತು? ಕಲಸಿದ್ರ ಎಲ್ಲಾರಿಗೂ ಅರ್ಧರ ಔಷಧ ಹೋಗ್ತೈತಿ. ಅರ್ಧ ಆದ್ರೂ ಸಮಾ.”

ನಮ್ಮ ಸೀಮೆಯಲ್ಲಿ ಹುಟ್ಟಿದವಳಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಸಾಲಿನಲ್ಲಿ ಕುಳಿತವರಿಗೆ ಹೆಚ್ಚುಕಡಿಮೆ ಬಡಿಸಿದವರನ್ನು ನಮ್ಮ ಕಡೆ ಕಳ್ಳನಿಗಿಂತ ಕಡೆಯಾಗಿ ನೋಡುತ್ತಾರೆ. ಒಂದೇ ಮನೆಗೆ ಎರಡು ಬಣ್ಣದ ಬೂಚು ಕಳಿಸಿದವರು ಓದಿದವರಿರಬಹುದು, ಆದರೆ ಅವರು ನಮ್ಮ ಮನೆಗಳಲ್ಲಿ ಊಟಕ್ಕೆ ಕುಳಿತವರಲ್ಲ. ನಾನು ಕುಳಿತಿದ್ದೆ, ಆದರೂ ಬಾಯಿ ಮುಚ್ಚಿಕೊಂಡು ಬಾಟಲಿ ಹೊತ್ತಿದ್ದೆ. ಮೇಲಾಗಿ ಗುಟ್ಟು ಬಿಟ್ಟುಕೊಟ್ಟವಳೂ ನಾನೇ.

ಮೂರು ವಾರ ಯಾರಿಗೂ ಹೇಳಲಿಲ್ಲ. ಹೇಳಿದರೆ ನನ್ನ ನೌಕರಿ ಹೋಗುತ್ತದೆ, ಅದು ಒಂದು ಕಡೆ. ಓಣಿಯನ್ನು ಸಂಶೋಧನೆಯಿಂದ ತೆಗೆದರೆ ಮಕ್ಕಳಿಗೆ ಆ ಅರ್ಧ ಔಷಧವೂ ಇಲ್ಲ, ಇದು ಇನ್ನೊಂದು ಕಡೆ. ನನಗೆ ಹೆಚ್ಚು ಸುಟ್ಟದ್ದು ಎರಡನೆಯದು. ಮಾದೇವಿಯ ಮುಖ ಕಣ್ಣ ಮುಂದೆ ಬರುತ್ತಿತ್ತು. ಸುಮ್ಮನಿದ್ದರೆ ಯಾರಿಗೆ ನಷ್ಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ತಿಂಗಳ ಸಭೆಯಲ್ಲಿ ಡಾಕ್ಟರು ಮತ್ತೆ ನನ್ನ ರಿಜಿಸ್ಟರು ಎತ್ತಿ ಹಿಡಿದರು. “ಈ ಓಣಿಯ ದಾಖಲೆ ಅಷ್ಟು ಶುದ್ಧವಾಗಿದೆ. ಎರಡು ಬಣ್ಣಗಳ ನಡುವೆ ವ್ಯತ್ಯಾಸ ಕಂಡರೆ ಎಲ್ಲ ಊರಿನ ಮಕ್ಕಳಿಗೂ ಈ ಮಾತ್ರೆ ಕೊಡಿ ಎಂದು ಬರೆಯಬಹುದು. ಕಾಣದಿದ್ದರೆ ಮಾತ್ರೆಯಿಂದ ಪ್ರಯೋಜನವಿಲ್ಲ ಎಂದು ಬರೆಯಬೇಕಾಗುತ್ತದೆ.”

ನನ್ನ ಓಣಿಯಲ್ಲಿ ವ್ಯತ್ಯಾಸ ಕಾಣುವುದು ಹೇಗೆ? ಎಲ್ಲ ಕಲಸುಮೇಲೋಗರ. ಆ ಸುಳ್ಳು ಎಣಿಕೆ ನೋಡಿ ಒಳ್ಳೆಯ ಔಷಧವನ್ನು ಕೆಲಸಕ್ಕೆ ಬಾರದ್ದೆಂದು ಬರೆದರೆ, ನಾನು ಹೆಸರೂ ಕೇಳದ ಊರುಗಳ ಮಕ್ಕಳಿಗೆ ಅದು ಎಂದೂ ಸಿಗುವುದಿಲ್ಲ. ಸಭೆ ಮುಗಿದ ಮೇಲೆ ನಿಂತು ಎಲ್ಲ ಹೇಳಿದೆ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಿಟ್ಟಿನ ವಿಷಯ ಅವರಿಗೆ ಹೇಳಿದ್ದು ಯಾರು?”

“ನಾನ ಸರ್.”

“ಏನ್ರೀ ಸುಶೀಲಾ, ಇಷ್ಟು ತಿಂಗಳ ಕೆಲಸವನ್ನೆಲ್ಲ ನೀರಿಗೆ ಹಾಕಿಬಿಟ್ರಲ್ರೀ.” ಅವರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. “ಓಣಿಯನ್ನು ತೆಗೆಯಬೇಕು. ಬೇರೆ ದಾರಿ ಇಲ್ಲ. ನಾನೇ ಬಂದು ಹೇಳುತ್ತೇನೆ.”

ಮರುದಿನ ಮಧ್ಯಾಹ್ನ ಜೀಪು ಓಣಿಯ ಬಾಯಿಗೆ ನಿಂತಿತು. ಆಯಿ ಡಾಕ್ಟರಿಗೆ ಮಾತಾಡಲು ಬಿಡಲೇ ಇಲ್ಲ. ಊಟದ ಹೊತ್ತಿಗೆ ಬಂದವರು ಮೊದಲು ಉಣ್ಣಬೇಕು. ಪಡಸಾಲೆಯಲ್ಲಿ ಎಲ್ಲರಿಗೂ ತಾಟು ಹಾಕಿದಳು. ಜೀಪಿನ ಡ್ರೈವರು ಸಂಕೋಚದಿಂದ ಬಾಗಿಲ ಹೊರಗೇ ನಿಂತಿದ್ದ. “ಇಲ್ಲಿ ಸಾಹೇಬ್ರ ಪಂಕ್ತಿ ಅಂತ ಬ್ಯಾರೆ ಇಲ್ಲಪಾ, ಬಾ” ಎಂದು ಅವನನ್ನು ಡಾಕ್ಟರ ಪಕ್ಕದಲ್ಲೇ ಕೂರಿಸಿ, ಇಬ್ಬರಿಗೂ ಅಷ್ಟೇ ರೊಟ್ಟಿ, ಅಷ್ಟೇ ಪುಂಡಿ ಪಲ್ಯ, ಅಷ್ಟೇ ಬೆಣ್ಣೆ ಬಡಿಸಿದಳು. ಡಾಕ್ಟರು ಸಂಗಪ್ಪನ ಎಡಕ್ಕೆ ಕುಳಿತು ಉಂಡರು. ಅದನ್ನು ಓಣಿಯೆಲ್ಲ ಬಾಗಿಲಲ್ಲಿ ನಿಂತು ನೋಡಿತು.

ಕೈತೊಳೆದ ಮೇಲೆ ಡಾಕ್ಟರು ವಿಷಯ ತೆಗೆದರು. ಕಲೆಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎಂದು ತಮ್ಮ ರೇಡಿಯೋ ಕನ್ನಡದಲ್ಲಿ ಬಹಳ ಹೊತ್ತು ಹೇಳಿದರು. ಸಂಗಪ್ಪನಿಗೆ ಅದು ತಿಳಿಯಿತು.

“ಅವ್ವಾ, ಬಣ್ಣ ಪಕ್ಕಾ ಐತೋ ಕಚ್ಚಾ ಐತೋ ನೋಡಬೇಕಂದ್ರ ಎರಡ ಲಡಿ ನೂಲು ಬ್ಯಾರೆ ಬ್ಯಾರೆ ಇಟ್ಟ ತೊಳೀತೇವಲ್ಲ, ಹಂಗ ಇದು. ಕೂಡಿಸಿ ತೊಳದ್ರ ಯಾವ ಬಣ್ಣ ಬಿಡ್ತು ಅಂತ ತಿಳಿಯಂಗಿಲ್ಲ.”

“ನೂಲಿಗಿ ಹೊಟ್ಟಿ ಇಲ್ಲೋ ಸಂಗಪ್ಪ” ಅಂದಳು ಆಯಿ. “ಒಂದ ಲಡಿ ಇನ್ನೊಂದ ಲಡೀನ ನೋಡಿ ಅಳಂಗಿಲ್ಲ.”

ಡಾಕ್ಟರು ಎದ್ದು, ಇನ್ನು ಮುಂದೆ ಈ ಓಣಿಗೆ ಗುಳಿಗೆ ಬರುವುದಿಲ್ಲ, ಕ್ಷಮಿಸಿ ಅಂದರು. ಆಯಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

“ಸಾಹೇಬ್ರ, ಒಂದ ಮಾತು. ನಮ್ಮ ಮನಿಗಿ ಒಂದ ಬೂಚು ಕೊಡ್ರಿ. ನಾಕೂ ಕೆಂಪು, ಇಲ್ಲಂದ್ರ ನಾಕೂ ಹಸರು. ಎದುರಮನಿಗಿ ಬೇಕಾದ್ರ ಇನ್ನೊಂದ ಕೊಡ್ರಿ. ಮನಿ ಮನಿ ಬ್ಯಾರೆ ಇರ್ಲಿ, ಮನಿಯೊಳಗ ಬ್ಯಾರೆ ಮಾಡಬ್ಯಾಡ್ರಿ. ಆಗ ನಾವ್ಯಾಕ ಕಲಸೋಣು?”

ಡಾಕ್ಟರು ಮತ್ತೆ ಕುಳಿತು ಕೇಳಿದರು: “ನಿಮ್ಮ ಮನೆಗೆ ಹಿಟ್ಟೇ ಬಂದರೆ?”

ಆಯಿ ಮೊಮ್ಮಕ್ಕಳ ಕಡೆ ತಿರುಗಿದಳು. “ಬಂದ್ರ ನಾಕೂ ಹಿಟ್ಟು ತಿಂತಾವ. ನಾಳಿ ಒಬ್ಬಾಕಿ ಎದ್ದು, ‘ಅವಗ ಔಷಧ ಕೊಟ್ಟಿ, ನನಗ್ಯಾಕ ಹಿಟ್ಟು ಕೊಟ್ಟಿ’ ಅಂತ ನನ್ನ ಕೇಳಬಾರದು.”

ಜೀಪಿನಲ್ಲಿ ಡಾಕ್ಟರು ನನಗೆ ಹೇಳಿದ್ದು ಒಂದೇ ಮಾತು: “ಇಷ್ಟು ಓದಿದ ನನಗೆ ಇದು ಹೊಳೆಯಲಿಲ್ಲವಲ್ರೀ.” ಮೇಲಿನವರಿಗೆ ಕಾಗದದ ಮೇಲೆ ಕಾಗದ ಬರೆದರು. ನನ್ನ ತಪ್ಪನ್ನು ತಮ್ಮ ಹೆಸರಿಗೆ ಹಾಕಿಕೊಂಡರು ಎಂದು ನನಗೆ ಆಮೇಲೆ ತಿಳಿಯಿತು. ನೌಕರಿ ಉಳಿಯಿತು. ಉತ್ತರ ಬರುವವರೆಗೆ ಓಣಿಗೆ ಗುಳಿಗೆ ನಿಂತಿತ್ತು. ಹಿಂಗಾರು ಬಿತ್ತನೆಯಾಯಿತು, ಮಹಾನವಮಿ ಕಳೆಯಿತು. ಆಯಿ ದಿನ ಬಿಟ್ಟು ದಿನ ನನ್ನ ಕೋಣೆಗೆ ಬಂದು, “ಬಂತೇನು?” ಎನ್ನುವಳು. ಇಲ್ಲವೆಂದರೆ ಮತ್ತೊಂದು ಮಾತಿಲ್ಲದೆ ತಿರುಗಿ ಹೋಗುವಳು.

ದೀಪಾವಳಿ ಅಮಾವಾಸ್ಯೆಯ ದಿನ ಒಪ್ಪಿಗೆಯ ಕಾಗದ ಹಿಡಿದು ಡಾಕ್ಟರೇ ಬಂದರು. ಈ ಸಲ ಹಿಟ್ಟಿನ ವಿಷಯ ಎಲ್ಲರಿಗೂ ಬಿಚ್ಚಿ ಹೇಳಿದರು. ಹೊಸ ರಿಜಿಸ್ಟರು, ಮನೆಗೊಂದು ಬಣ್ಣ, ಒಂಬತ್ತು ಚೀಟಿ. ಯಾವ ಮನೆಯದು ಔಷಧ, ಯಾವುದು ಹಿಟ್ಟು ಎಂಬುದು ದೂರದ ಕಚೇರಿಯಲ್ಲಿ ಮೊಹರು ಹಾಕಿದ ಲಕೋಟೆಗಳಲ್ಲಿ, ಮನೆಗೊಂದು. ಬಣ್ಣ ನೋಡಿ ಊಹಿಸುವಂತೆಯೂ ಇರಲಿಲ್ಲ, ಈ ಸಲ ಒಂದು ಮನೆಯ ಹಸಿರು ಔಷಧವಾದರೆ ಇನ್ನೊಂದು ಮನೆಯ ಹಸಿರು ಹಿಟ್ಟಿರಬಹುದು. ಯಾವ ಮಗುವಿಗಾದರೂ ರೋಗ ಕಂಡರೆ ಆ ಮನೆಯ ಲಕೋಟೆಯೊಂದನ್ನು ಮಾತ್ರ ಒಡೆಯಬಹುದು. ಆಯಿ ತನ್ನ ಮನೆಯ ಚೀಟಿಯನ್ನು ತಾನೇ ಎತ್ತಿದಳು. ಹಸಿರು.

ಚಳಿಗಾಲ ಸುಖವಾಗಿ ಕಳೆಯಿತು. ಕಲೆಸುವ ಡಬ್ಬಿಗೆ ಶೇಂಗಾ ಹಿಂಡಿ ಬಂತು. ಮಾದೇವಿ ನನಗೆ ಸಾಲೆಯ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ಯುಗಾದಿ ಅಮಾವಾಸ್ಯೆಯ ದಿನ ಅವಳ ಮೈ ನೋಡುವಾಗ ಎಡತೋಳಿನ ಹಿಂದೆ ರೂಪಾಯಿಯಗಲದ ಒಂದು ಬಿಳಿಚಿದ ಮಚ್ಚೆ ಕಂಡಿತು. ಬಿಸಿಲಿನ ಚಿಬ್ಬು ಇರಬಹುದು ಎಂದುಕೊಂಡೆ. ಅವಳಿಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಅಲ್ಲಲ್ಲಿ ಮುಟ್ಟಿ, ಎಲ್ಲಿ ಮುಟ್ಟಿದೆನೆಂದು ಬೆರಳಿಟ್ಟು ತೋರಿಸು ಅಂದೆ. ಅವಳಿಗೆ ಅದು ಆಟ. ಕೆನ್ನೆಗೆ ಮುಟ್ಟಿದರೆ ಕೆನ್ನೆ, ಬೆನ್ನಿಗೆ ಮುಟ್ಟಿದರೆ ಕಿಲಕಿಲ ನಗು. ಮಚ್ಚೆಯ ಮೇಲೆ ಮುಟ್ಟಿದೆ. ಕೈ ಏಳಲಿಲ್ಲ. ಇನ್ನೊಮ್ಮೆ ಮುಟ್ಟಿದೆ. ಮತ್ತೊಮ್ಮೆ.

“ಲಗೂ ಮುಟ್ರಿ ಅಕ್ಕಾರ” ಅಂದಳು ಮಾದೇವಿ, ಕಣ್ಣು ಮುಚ್ಚಿಕೊಂಡೇ. “ಎಷ್ಟೊತ್ತ ಕಾಯ್ಲಿ ನಾ?”

ಆಯಿ ನನ್ನ ಹಿಂದೆಯೇ ನಿಂತಿದ್ದಳು.

ಡಾಕ್ಟರು ಮರುದಿನವೇ ಬಂದು ನೋಡಿ ಹೌದೆಂದರು. ಮೊದಲ ಹಂತ, ಎರಡು ವರ್ಷ ದಿನವೂ ಗುಳಿಗೆ ತೆಗೆದುಕೊಂಡರೆ ಪೂರ್ತಿ ಹೋಗುತ್ತದೆ ಎಂದು ಧೈರ್ಯ ಹೇಳಿದರು. ಲಕೋಟೆ ಒಡೆಯಲು ತಂತಿ ಕಳಿಸಿದರು. ಉತ್ತರ ಬಂದ ದಿನ ನನ್ನನ್ನು ಕರೆದು, ಆ ಮನೆಯದು ಹಿಟ್ಟು ಅಂದರು. ಅವರ ಕಣ್ಣೂ ಕೆಂಪಾಗಿತ್ತು.

“ರೋಗದ ಬೀಜ ಮೈಯಲ್ಲಿ ಯಾವಾಗ ಬಿತ್ತೋ, ಔಷಧವೇ ಕೊಟ್ಟಿದ್ದರೂ ತಡೆಯುತ್ತಿತ್ತೋ ಇಲ್ಲವೋ, ಯಾರೂ ಹೇಳಲಾರರು. ನಿಮ್ಮನ್ನು ನೀವು ಸುಟ್ಟುಕೊಳ್ಳಬೇಡಿ. ಆ ಮನೆ ಈಗ ಸಂಶೋಧನೆಯ ಹೊರಗೆ ಬಂತು. ಉಳಿದ ಮೂವರಿಗೂ ನಾನು ನಿಜವಾದ ಮಾತ್ರೆಯನ್ನೇ ಕೊಡುತ್ತೇನೆ, ಯಾರು ಕೇಳುತ್ತಾರೋ ನೋಡೋಣ.”

ಸುದ್ದಿ ಹೇಳಲು ನಾನೊಬ್ಬಳೇ ಹೋದೆ. ಆಯಿ ಬಾಗಿಲಲ್ಲಿ ಕುಳಿತು ರಾಟಿಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಒಳಗೆ ಸಂಗಪ್ಪನ ಮಗ್ಗ ನಡೆದಿತ್ತು.

“ನಮ್ಮದು ಹಿಟ್ಟು, ಹೌದಲ್ಲ?”

“ಹೌದು ಆಯಿ.”

“ಎದುರಮನಿಯವರದು?”

“ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.”

ರಾಟಿ ನಿಂತಿತು. “ಚೀಟಿ ನಾನ ಎತ್ತೀನಿ” ಅಂದಳು, ತನಗೆ ತಾನೇ.

ನನಗೆ ತಡೆಯಲಾಗಲಿಲ್ಲ. ಅಲ್ಲೇ ಹೊಸ್ತಿಲಲ್ಲಿ ಕುಳಿತು ಅತ್ತೆ. “ತಪ್ಪು ನಂದು ಆಯಿ. ಅವತ್ತ ನಾ ಸಾಹೇಬ್ರ ಮುಂದ ಹೇಳದಿದ್ರ ಹುಡುಗಿ ಹೊಟ್ಟ್ಯಾಗ ಅರ್ಧರ ಔಷಧ ಹೋಗ್ತಿತ್ತು.”

“ಹೌದು. ಹೋಗ್ತಿತ್ತು.”

ಇಲ್ಲ ತಂಗಿ, ನಿನ್ನ ತಪ್ಪೇನಿದೆ ಎಂದು ಆಕೆ ಅನ್ನಬಹುದೆಂದು ಆಸೆಪಟ್ಟಿದ್ದೆ. ಆಕೆ ಅನ್ನಲಿಲ್ಲ. ಸೆರಗಿನಿಂದ ನನ್ನ ಮುಖವನ್ನು ಒರಟಾಗಿ ಒರೆಸಿದಳು.

“ನೀ ಹೇಳಿದ್ದು ಸುಳ್ಳಲ್ಲ. ಹೇಳಬೇಕಿತ್ತು, ಹೇಳಿದಿ. ಬ್ಯಾರೆ ಊರಾಗೂ ಮಕ್ಳ ಅದಾವು, ನನಗ ತಿಳೀತೈತಿ. ಆದ್ರ ನಿನ್ನ ಮ್ಯಾಲ ನನ್ನ ಸಿಟ್ಟು ಹೋಗಿಲ್ಲ. ಹೋಗೂದೂ ಇಲ್ಲ, ನಾ ಸಾಯೂತನಾ ಇರ್ತೈತಿ, ಈಗ ಹೇಳಿಬಿಡ್ತೇನಿ.” ಮತ್ತೆ ರಾಟಿಗೆ ಕೈ ಹಾಕಿದಳು. “ನಾಳಿಂದ ಮಾದೇವಿಗಿ ಗುಳಿಗಿ ನೀನ ಬಂದು ಹಾಕು. ಅಮಾಸಿಗೊಮ್ಮಿ ಅಲ್ಲ, ದಿನಾ. ಆಕಿ ನುಂಗೂತನಾ ಎದುರಿಗಿ ಕುಂದ್ರಬೇಕು.”

ಮರುದಿನ ಏಳು ಗಂಟೆಗೆ ಹೋದೆ. ಎರಡು ವರ್ಷ, ಮಳೆ ಬಂದರೂ, ಜ್ವರ ಬಂದರೂ, ಊರಿನ ಜಾತ್ರೆ ತಪ್ಪಿದರೂ ಹೋದೆ. ಮಚ್ಚೆ ಮೆಲ್ಲಗೆ ಮಾಸಿತು. ಒಂದು ಮುಂಜಾನೆ ಹತ್ತಿಯ ಎಳೆ ತಗಲಿಸಿದೆನೋ ಇಲ್ಲವೋ, ಮಾದೇವಿಯ ಬೆರಳು ಬಂದು ಆ ಜಾಗದ ಮೇಲೆ ಸರಿಯಾಗಿ ಕುಳಿತಿತು. ಆಯಿ ಮಾತ್ರ ಕೊಟ್ಟ ಮಾತಿಗೆ ತಪ್ಪಲಿಲ್ಲ. ಕಡೆಯವರೆಗೂ ಆ ಸಿಟ್ಟನ್ನು ಹಾಗೇ ಇಟ್ಟುಕೊಂಡಳು, ಮತ್ತು ಒಂದು ದಿನವೂ ನನ್ನನ್ನು ಚಹಾ ಕುಡಿಸದೆ ಕಳಿಸಲಿಲ್ಲ.